ಇದಕ್ಕೂ ಸೊಂಟ ಐತೆ

ಮೊದಲು ಅಳೆದದ್ದು ಯಂತ್ರವನ್ನಲ್ಲ, ಗೇಟನ್ನು.
ಗುತ್ತಲು ರಸ್ತೆಯ ನಮ್ಮ ಸಾಮಿಲ್ಲಿನ ಗೇಟು
ಎತ್ತಿನ ಗಾಡಿಯ ಕಾಲದ್ದು: ಆರಡಿ ಒಂಬತ್ತಿಂಚು.
ಲಾರಿಗಳು ದಿಮ್ಮಿ ಕೆಡವುವುದು ಆಚೆ, ಚರಂಡಿ ಪಕ್ಕ.
ಅಲ್ಲಿಂದ ಗರಗಸದ ಬೆಂಚಿಗೆ ನೂರಿಪ್ಪತ್ತು ಹೆಜ್ಜೆ.
ಆ ನೂರಿಪ್ಪತ್ತು ಹೆಜ್ಜೆಗೆ ನಾನು ಇಷ್ಟು ವರ್ಷ
ಬಳಸಿದ್ದು ಎಂಟು ಜನರ ಬೆನ್ನು.

ಹೆಬ್ಬಾಳದ ಷೋರೂಮಿನಿಂದ ತನ್ವೀರ್ ಬಂದ,
ಹೊಟ್ಟಿನ ಮೇಲೆ ಪಾಲಿಷ್ ಬೂಟು ಊರುತ್ತಾ.
ಬಣ್ಣದ ಹಾಳೆ ಹರಡಿದ:
ಟಯರೋ, ರಬ್ಬರ್ ಪಟ್ಟಿಯೋ?
ಬಕೆಟ್ಟೋ, ಇಕ್ಕಳವೋ?
ನಿಂತಲ್ಲೇ ಬುಗುರಿಯಂತೆ ತಿರುಗುತ್ತೆ ಮೇಡಂ, ಅಂದ.
ಮಳೆಗಾಲದಲ್ಲಿ ಈ ಅಂಗಳ ಅಂಬಲಿ, ಅಂದೆ.
ಪಟ್ಟಿಯ ಬೆಲೆ ಹೇಳಿದ. ಟಯರೇ ಇರಲಿ ಅಂದೆ.

ಎಷ್ಟು ಎತ್ತುತ್ತೆ?
ಎಂಟುನೂರೈವತ್ತು ಕಿಲೋ.
ಮಗುಚೋದು?
ಅವನು ಒಂದು ಗಳಿಗೆ ನನ್ನನ್ನೇ ನೋಡಿದ.
ಅದನ್ನ ಯಾರೂ ಕೇಳೋದಿಲ್ಲ ಮೇಡಂ,
ಅದರ ಎರಡರಷ್ಟು, ಅಂತ ಮೆಲ್ಲಗೆ ಹೇಳಿದ
ಮನೆಯೊಳಗಿನ ಕಾಯಿಲೆ ಹೇಳುವ ಹಾಗೆ.

ಬಂತು. ಹಳದಿ. ಕಂಬಕ್ಕೆ ನಾಲ್ಕು ಬೆರಳು ಬಿಟ್ಟು
ಗೇಟಿನಲ್ಲಿ ನುಸುಳಿತು.
ಚೆಲುವರಾಜು ಮೂರೇ ದಿನಕ್ಕೆ ಕಲಿತ,
ಬೇವು, ನೀಲಗಿರಿ, ಸಣ್ಣಪುಟ್ಟ ಹಲಸು
ಕೊಕ್ಕರೆ ಮೀನು ಕಚ್ಚಿದಂತೆ ಕಚ್ಚಿ ತಂದ.
ಏಳು ಜನ ಗೋಡೆಗೊರಗಿ ನೋಡಿದರು.
ಯಾರೂ ಬೀಡಿ ಹಚ್ಚಲಿಲ್ಲ.

ಆಮೇಲೆ ಆ ಹೊಳೆಮತ್ತಿ.
ಕಾವೇರಿ ದಂಡೆಯಲ್ಲಿ ಗಾಳಿಗೆ ಬಿದ್ದದ್ದು,
ಬುಡದ ತುಂಬ ಇನ್ನೂ ಹೊಳೆಯ ನೀರು.
ಹದಿನೈದಡಿ. ತೊಲೆಗೆ ಬೇಕು. ತುಂಡರಿಸುವಂತಿಲ್ಲ.

ಬೋರಲಿಂಗಣ್ಣ ಸೊಂಟದ ಹುರಿ ಬಿಚ್ಚಿದ,
ದಿಮ್ಮಿಯ ನಡು ಸುತ್ತಿದ, ಹುರಿ ನಾಲ್ಕು ಮಡಿಸಿದ,
ಇಪ್ಪತ್ತೆರಡಿಂಚು, ಅಂದ. ಕಣ್ಣು ಮುಚ್ಚಿದ.
ಐವತ್ತು ಘನ ಅಡಿ. ಹಸಿ.
ನಿನ್ನ ಗುಬ್ಬಚ್ಚಿಗೆ ಆಗಾಕಿಲ್ಲ ಕಣವ್ವ.

ಚೆಲುವರಾಜು ನಕ್ಕ. ಇಕ್ಕಳ ಕಚ್ಚಿಸಿದ. ಎತ್ತಿದ.
ಎದ್ದದ್ದು ದಿಮ್ಮಿಯಲ್ಲ.
ಹಿಂದಿನ ಎರಡು ಚಕ್ರ ನೆಲ ಬಿಟ್ಟು
ಗಾಳಿಯಲ್ಲಿ ಸುಮ್ಮನೆ ನಿಂತವು,
ಹೊಸ ರಬ್ಬರಿನ ಮುಳ್ಳುಮುಳ್ಳು ಕೂದಲು ಕೂಡ ಕಂಡಿತು.
ಗರಗಸ ನಿಂತಿತು. ನನ್ನ ಬಾಯಿ ಒಣಗಿತು.

ಇಳ್ಸು ಮಗ. ನಿಧಾನಕ್ಕೆ. ತಿರುಗಿಸ್ಬೇಡ. ಇಳ್ಸು.
ಹೆರಿಗೆ ಮನೆಯ ಸೂಲಗಿತ್ತಿಯ ದನಿ.
ಇಳಿಯಿತು.

ಬೋರಲಿಂಗಣ್ಣ ಯಂತ್ರದ ಹತ್ತಿರ ಹೋದ,
ಬಿಸಿ ಕಬ್ಬಿಣದ ಮೇಲೆ ಅಂಗೈ ಇಟ್ಟ,
ಅವನದೇ ನಡು ಹಿಡಿದ ವರ್ಷ ಅವನ ಹೆಂಡತಿ
ಇಟ್ಟಿರಬಹುದಾದ ಹಾಗೆ.
ಇದಕ್ಕೂ ಸೊಂಟ ಐತೆ ಕಣ್ಲಾ, ಅಂದ.

ಶೆಡ್ಡಿನ ಹಿಂದಿಂದ ಸರ್ವೆಯ ಉರುಳೆ ಬಂದವು,
ಕಳೆದ ತಿಂಗಳು ಸೌದೆಗೆ ಮಾರಲು ಹೊರಟಿದ್ದೆ.
ಹಾರೆ ಹಾಕಿ ತಲೆ ಎತ್ತಿದರು, ಉರುಳೆ ತೂರಿದರು.
ಸರಪಳಿ ಬಿಗಿದರು, ಕೆಳಗೆ, ಮೊಣಕಾಲಿಗಿಂತ ಕೆಳಗೆ.
ಯಂತ್ರ ಹಿಮ್ಮುಖವಾಗಿ ಹೊರಟಿತು,
ದೇವರಿಗೆ ಬೆನ್ನು ತೋರಿಸದೆ
ಗುಡಿಯಿಂದ ಈಚೆ ಬರುವವರ ಹಾಗೆ.
ಹಿಂದೆ ಬಿಟ್ಟ ಉರುಳೆ ಎತ್ತಿ ಮುಂದಕ್ಕೆ ಓಡುವ ಕೆಲಸ
ಏಳು ಜನಕ್ಕೂ ಸಿಕ್ಕಿತು.
ಸೈ, ಅಂತ ಯಾರೋ ಕೂಗಿದರು. ಬೀಡಿ ವಾಸನೆ ಬಂತು.

ನೂರಿಪ್ಪತ್ತು ಹೆಜ್ಜೆ, ಮುಕ್ಕಾಲು ಗಂಟೆ.

ಸಂಜೆ ಕೂಲಿ ಪಟ್ಟಿ ತೆಗೆದೆ.
ಎಂಟು ಹೆಸರು. ಪೆನ್ನು ಸ್ವಲ್ಪ ಹೊತ್ತು ಹಾಗೇ ಇತ್ತು.
ಇಂಥ ದಿಮ್ಮಿ ವರ್ಷಕ್ಕೆ ಬರುವುದು ನಾಲ್ಕೋ ಐದೋ,
ಅದು ನನಗೆ ಗೊತ್ತು. ಅವರಿಗೂ ಗೊತ್ತು.

ಬೋರಲಿಂಗಣ್ಣ ಬಾಗಿಲಲ್ಲಿ ನಿಂತು
ಒಂದು ಉರುಳೆ ಸೀಳೈತೆ, ಹೊಸದು ಎರಡು ತರ್ಸವ್ವ, ಅಂದ.
ಯಂತ್ರದ ಕಂತಿನ ಚೀಟಿ ತಿರುಗಿಸಿ
ಹಿಂಬದಿಯಲ್ಲಿ ಬರೆದುಕೊಂಡೆ:
ಸರ್ವೆ, ಆರಡಿ, ಎರಡು.